ಅಬಕಾರಿ ಅಜ್ಜನಿಗೆ ಬಿಯರಿನ ವರದಿ

ಫಾಸ್ಟರ್ ಸಿಟಿ
12 ಅಕ್ಟೋಬರ್ 1986

ಪೂಜ್ಯ ಅಜ್ಜನವರಿಗೆ,
ಮಲ್ಲಪ್ಪನ ನಮಸ್ಕಾರ.

ಹೋದ ವಾರ ಅವ್ವ ನಿಮಗೆ ಬರೆದ ಪತ್ರವನ್ನು ಅಂಟಿಸುವ ಮೊದಲು ನನಗೆ ಓದಿ ತೋರಿಸಿದಳು. ಅದರಲ್ಲಿ ‘ಮಲ್ಲು ಚೆನ್ನಾಗಿ ಓದುತ್ತಿದ್ದಾನೆ’ ಎಂದಿತ್ತು. ಅದು ಸುಳ್ಳು. ಅವ್ವನಿಗೆ ಕೆಟ್ಟ ಹೆಸರು ಬರಲಿ ಎಂದು ಹೇಳುತ್ತಿಲ್ಲ. ಹದಿಮೂರು ವರ್ಷದ ತನಕ ನೀವು ನನ್ನನ್ನು ಸಾಕಿದ್ದೀರಿ. ನಿಮ್ಮ ಹತ್ತಿರ ಸುಳ್ಳಿನ ಲಕೋಟೆ ಹೋಗುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನು ಮಾರ್ಚಿನಲ್ಲಿ ಕಾಲೇಜು ಬಿಟ್ಟೆ. ಯಾರೂ ಹೊರಗೆ ಹಾಕಲಿಲ್ಲ. ಕ್ಲಾಸಿನಲ್ಲಿ ಕೂತರೆ ಕಾಲು ತಾನಾಗಿ ಅಲ್ಲಾಡುತ್ತಿತ್ತು, ಒಂದು ದಿನ ಆ ಕಾಲನ್ನು ನಂಬಿ ಎದ್ದು ಬಂದೆ. ಈಗ ಸ್ಯಾನ್ ಮಟೇಯೋದಲ್ಲಿ ಪೈಪು, ನಲ್ಲಿ, ವಾಷರ್ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ.

ಇಷ್ಟಾದರೆ ನೀವು ಕ್ಷಮಿಸಬಹುದು. ಮುಂದಿನದು ಕಷ್ಟ. ನಾನು ಮನೆಯ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತೇನೆ. ಕುಡಿಯುತ್ತೇನೆ ಕೂಡ, ಒಂದು ಗ್ಲಾಸು, ಕೆಲವು ಸಲ ಒಂದೂವರೆ. ಇಲ್ಲಿ ಇದು ಅಪರಾಧವಲ್ಲ. ಮನೆಬಳಕೆಗೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕಾನೂನಿನ ಮಾತು ನಿಮಗೆ ಮೊದಲು ಬೇಕಾಗುತ್ತದೆ ಎಂದು ಬರೆದೆ.

ಮುಂದಿನ ಬೇಸಿಗೆಗೆ ನೀವು ಇಲ್ಲಿಗೆ ಬರುವುದೆಂದು ಅವ್ವ ಈಗಲೇ ಕೋಣೆಗೆ ಪರದೆ ಹೊಲಿಯುತ್ತಿದ್ದಾಳೆ. ಒಂಬತ್ತು ವರ್ಷ ಆಯಿತು ಅವಳು ನಿಮ್ಮನ್ನು ನೋಡಿ. ಅಪ್ಪ ಹೇಳಿದ್ದು ಇದು: “ಇಪ್ಪತ್ತೊಂಬತ್ತು ವರ್ಷ ಅಬಕಾರಿ ಇನ್ಸ್‌ಪೆಕ್ಟರ್ ಆಗಿದ್ದ ಮನಿಷ್ಯಾ ಅವ್ರು. ಕಳ್ಳಭಟ್ಟಿ ಅಂದ್ರ ಊಟದ ತಾಟಿನಿಂದ ಎದ್ದು ಹೋಗ್ತಿದ್ರು. ಮೊಮ್ಮಗನ ಕಾರಖಾನೆ ಗೊತ್ತಾತಂದ್ರ ವಿಮಾನ ಹತ್ತೂದಿಲ್ಲ. ಎಲ್ಲಾ ತಗದು ಬಿಡು, ಇಲ್ಲಾ ಬಾಯಿ ಮುಚ್ಚಿಕೊಂಡಿರು.” ನಾನು ತೆಗೆಯಲಿಲ್ಲ. ಬಾಯಿಯನ್ನೂ ಮುಚ್ಚಲಿಲ್ಲ. ನೀವು ಬರದೆ ಹೋದರೆ ಅವ್ವನ ಮುಖ ನೋಡುವುದು ನನಗೆ ಆಗದ ಕೆಲಸ. ಆದರೆ ಗೊತ್ತಿಲ್ಲದೆ ಬಂದು, ನನ್ನ ಪಕ್ಕ ಕೂತು ಉಂಡು ಹೋದರೆ, ಅದು ಇನ್ನೂ ಕೆಟ್ಟದು.

ಯಾಕೆ ಮಾಡುತ್ತೇನೆ ಎಂದರೆ ಇಷ್ಟೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿ ನೀರಿನಲ್ಲಿ ನೆನೆಸಿದರೆ ನೀರು ಸಿಹಿಯಾಗುತ್ತದೆ. ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಐದು ಗ್ಯಾಲನ್ ಹಿಡಿಯುವ ಗಾಜಿನ ಹೂಜಿಗೆ ಸುರಿದು, ಒಂದು ಚಮಚ ಈಸ್ಟ್ ಹಾಕಿದೆ. ಸತ್ತ ಮಣ್ಣಿನಂತಿತ್ತು ಆ ಪುಡಿ. ಮರುದಿನ ಬೆಳಿಗ್ಗೆ ನೋಡಿದರೆ ಹೂಜಿಯೊಳಗೆ ಎಲ್ಲವೂ ಎದ್ದು ಸುತ್ತುತ್ತಿತ್ತು, ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಯಾರೂ ಕಲಕುತ್ತಿರಲಿಲ್ಲ. ಒಲೆ ಇರಲಿಲ್ಲ. ಕೈ ಇಟ್ಟರೆ ಗಾಜು ಬೆಚ್ಚಗಿತ್ತು. ಅಜ್ಜಾ, ನಾನು ಕೆಲಸಕ್ಕೆ ಹೋಗುವುದನ್ನು ಮರೆತು ಅಲ್ಲೇ ಕೂತುಬಿಟ್ಟೆ. ನನ್ನ ಕಾಲು ಒಮ್ಮೆಯೂ ಅಲ್ಲಾಡಲಿಲ್ಲ.

ನಿಮ್ಮ ಉತ್ತರ ಹೇಗಿದ್ದರೂ ಸರಿ, ಬರೆಯಿರಿ.

ನಿಮ್ಮ
ಮಲ್ಲಪ್ಪ

*

ಫಾಸ್ಟರ್ ಸಿಟಿ
30 ನವೆಂಬರ್ 1986

ಪೂಜ್ಯ ಅಜ್ಜನವರಿಗೆ,
ನಮಸ್ಕಾರ.

ಏಳು ವಾರ ಆಯಿತು, ನಿಮ್ಮಿಂದ ಪತ್ರವಿಲ್ಲ. ಅವ್ವನಿಗೂ ಇಲ್ಲ. ದಿನಾ ಟಪಾಲಿನ ಡಬ್ಬಿ ತೆಗೆದು ನೋಡಿ, “ಅಪ್ಪಾಗ ಆರಾಮ ಇಲ್ಲೇನೋ” ಎನ್ನುತ್ತಾಳೆ. ನಾನು ಬರೆದ ಪತ್ರವೇ ಕಾರಣವಿರಬಹುದು ಎಂದು ಅವಳಿಗೆ ಹೇಳಿದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ರೊಟ್ಟಿ ಬಡಿಸುತ್ತಾ, “ನೀ ಹುಟ್ಟಿದ್ದ ಹಂಗ” ಎಂದಳು.

ಒಂದು ಸಂಗತಿ ನೋಡಿದೆ. ಅದನ್ನು ನಿಮಗಲ್ಲದೆ ಇನ್ನಾರಿಗೂ ಹೇಳಬೇಕೆನಿಸಲಿಲ್ಲ, ನೀವು ಓದುತ್ತೀರೋ ಇಲ್ಲವೋ.

ಅಪ್ಪನ ಕಂಪನಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. ಎರಡು ಆಳು ಎತ್ತರದ ಉಕ್ಕಿನ ತೊಟ್ಟಿಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಬೆಳೆಸಿ ಔಷಧ ಮಾಡುತ್ತಾರೆ. ಆ ತೊಟ್ಟಿಗಳ ಎಂಜಿನಿಯರು ಅಪ್ಪ. ಅಂದರೆ ಮನೆಯಲ್ಲಿ ನನ್ನನ್ನು ಬೈಯುವವರು ಆಫೀಸಿನಲ್ಲಿ ಮಾಡುವುದೂ ಅದೇ ಹುದುಗಿಸುವ ಕೆಲಸ. ಇದನ್ನು ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ.

ಹೋದ ಶನಿವಾರ ಅವರು ಒಂದು ಗಂಟೆಯ ಕೆಲಸಕ್ಕೆ ಹೊರಟಾಗ ನಾನೂ ಕಾರು ಹತ್ತಿದೆ. ಜೇಬಿನಲ್ಲಿ ಅವ್ವನ ಖಾಲಿ ಗುಳಿಗೆ ಬಾಟಲಿ ಇತ್ತು, ಅದರಲ್ಲಿ ನನ್ನ ಹೂಜಿಯ ಬಿಯರು. ಯಾಕೆಂದರೆ ನಾನು ಮಾಡಿದ ಮೂರು ಹೂಜಿಯೂ ಹುಳಿಯಾಗಿವೆ. ಕುಡಿದರೆ ಹಲ್ಲು ಚುಳ್ಳೆನ್ನುತ್ತದೆ. ಬಿಯರ್ ಸಾಮಾನು ಮಾರುವ ವಾಲ್ಟ್ ಎಂಬ ಮುದುಕ, “ತೊಳೆ, ಇನ್ನೂ ತೊಳೆ” ಎನ್ನುತ್ತಾನೆ. ಬ್ಲೀಚಿನಲ್ಲಿ ತೊಳೆದು ತೊಳೆದು ನನ್ನ ಬೆರಳಿನ ಚರ್ಮ ಎದ್ದಿದೆ. ಹುಳಿ ಮಾತ್ರ ಹೋಗಿಲ್ಲ.

ಅಪ್ಪನ ಮೇಜಿನ ಮೇಲೆ ಬಾಟಲಿ ಇಟ್ಟೆ. “ಏನಿದು?” ಎಂದರು. “ನಂದು” ಎಂದೆ. ಮುಚ್ಚಳ ತೆಗೆದು ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಸೂಕ್ಷ್ಮದರ್ಶಕ ಸರಿಮಾಡಿ, ಪಕ್ಕಕ್ಕೆ ಸರಿದು ನಿಂತರು.

ಅಜ್ಜಾ, ನಾನು ಕಣ್ಣಿಟ್ಟೆ. ದುಂಡು ದುಂಡು ಕಾಳುಗಳು, ರಾಶಿ ರಾಶಿ, ಒಂದೊಂದೂ ಒಳಗಿನಿಂದ ಬೆಳಕು ಹಿಡಿದ ಹಾಗೆ. ಕೆಲವಕ್ಕೆ ಬೆನ್ನಿನಲ್ಲಿ ಸಣ್ಣ ಮೊಗ್ಗು. “ಅವು ಮರಿ ಹಾಕ್ಲಿಕತ್ತಾವು” ಎಂದರು ಅಪ್ಪ. ಆ ಒಂದು ಹನಿಯಲ್ಲಿ ಬಾಗಲಕೋಟೆಯ ಜನಕ್ಕಿಂತ ಹೆಚ್ಚು ಜೀವ ಇದ್ದವು. ನಾನು ಉಸಿರು ಬಿಟ್ಟರೆ ಹಾರಿ ಹೋದಾವೇನೋ ಎಂದು ಉಸಿರು ಹಿಡಿದಿದ್ದೆ. ಇಷ್ಟು ದಿನ ನಾನು ಬಿಯರ್ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮಾಡುವವರು ಇವರು. ನಾನು ಪಾತ್ರೆ ತೊಳೆಯುವವನು.

“ಈ ನಡುವಿನ ಕಡ್ಡಿ ನೋಡು” ಎಂದರು ಅಪ್ಪ. ಕಾಳುಗಳ ನಡುವೆ ಸಣ್ಣ ಸಣ್ಣ ಕಡ್ಡಿಯಂಥವು ಇದ್ದವು. “ಇವು ಕರೀದ ಬಂದ ಮಂದಿ. ಹುಳಿ ಮಾಡೂದು ಇವ.”

“ಎಲ್ಲಿಂದ ಬಂದಾವು?”

“ಅದನ್ನ ಹುಡುಕೂದು ನಿನ್ನ ಕೆಲಸ. ನಾ ಯಾಕ ಹೇಳಲಿ?” ಎಂದು ದೀಪ ಆರಿಸಿದರು. ಬರುವಾಗ ಫ್ರೀವೇ ಉದ್ದಕ್ಕೂ ರೇಡಿಯೋ ಹಾಕಿದ್ದರು.

ನಿಮ್ಮ
ಮಲ್ಲಪ್ಪ

*

ಬಾಗಲಕೋಟೆ
4 ಜನವರಿ 1987

ಚಿ. ಮಲ್ಲಪ್ಪನಿಗೆ ಆಶೀರ್ವಾದ.

ನಿನ್ನ ಎರಡೂ ಪತ್ರಗಳು ಮುಟ್ಟಿವೆ. ಮೊದಲನೆಯದಕ್ಕೆ ಉತ್ತರ ಬರೆಯಲು ಕೂತು ಮೂರು ಸಲ ಹರಿದು ಹಾಕಿದ್ದೇನೆ. ಆ ವಿಷಯ ಈಗ ಬೇಡ. ಬರುವ ವಿಷಯವೂ ಈಗ ಬೇಡ. ನಾನು ಆರೋಗ್ಯವಾಗಿದ್ದೇನೆ ಎಂದು ನಿನ್ನವ್ವ ಶರಣವ್ವನಿಗೆ ಹೇಳು. ನಿನ್ನ ಅಡಿವೆಪ್ಪ ಮಾಮಾ ಮತ್ತು ಮಕ್ಕಳು ಕ್ಷೇಮ.

ಎರಡನೆಯ ಪತ್ರದಲ್ಲಿ ತನಿಖೆಗೆ ತಕ್ಕ ವಿಷಯವಿದೆ. ಆದರೆ ವರದಿ ಅಪೂರ್ಣ. ಹೂಜಿಯನ್ನು ಇಟ್ಟ ಜಾಗ ಯಾವುದು ಎಂದು ನೀನು ಬರೆದಿಲ್ಲ. ಗ್ಯಾರೇಜು ಎಂದರೆ ಸಾಲದು. ಗ್ಯಾರೇಜಿನ ಯಾವ ಮೂಲೆ? ಆ ಮೂಲೆಯಲ್ಲಿ ಮತ್ತೇನು ಇಟ್ಟಿದ್ದಾರೆ? ನೀನು ಕೆಲಸಕ್ಕೆ ಹೋದ ಮೇಲೆ ಅಲ್ಲಿಗೆ ಯಾರು ಹೋಗುತ್ತಾರೆ, ಯಾವ ಕೆಲಸಕ್ಕೆ, ಕೈಯಲ್ಲಿ ಏನು ಹಿಡಿದಿರುತ್ತಾರೆ?

ಪಾತ್ರೆಯನ್ನು ಮೂರು ಸಲ ತೊಳೆದು ಫಲ ಸಿಗದಿದ್ದರೆ ತಪ್ಪು ಪಾತ್ರೆಯಲ್ಲಿಲ್ಲ. ಮನುಷ್ಯರಲ್ಲಿ ಹುಡುಕಬೇಕು. ಯಾರನ್ನೂ ಕೇಳಬೇಡ. ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಒಂದು ದಿನ ರಜೆ ಹಾಕಿ ಸ್ಥಳದಲ್ಲಿ ಕೂತು ಕಣ್ಣಾರೆ ನೋಡು. ನೋಡಿದ್ದನ್ನಷ್ಟೇ ಬರೆ. ಅಂದಾಜು ಬೇಡ.

ಸಿದ್ರಾಮಪ್ಪ

*

ಫಾಸ್ಟರ್ ಸಿಟಿ
27 ಜನವರಿ 1987

ಪೂಜ್ಯ ಅಜ್ಜನವರಿಗೆ,

ನಿಮ್ಮ ಪತ್ರವನ್ನು ಅವ್ವ ಕೈಗೆ ತೆಗೆದುಕೊಂಡು ಮೊದಲು ಹಣೆಗೆ ಒತ್ತಿಕೊಂಡಳು. ಆಮೇಲೆ ಓದಿ, “ಇದೇನ ಪಂಚನಾಮೆ ಬರದಂಗ ಬರದಾನ” ಎಂದು ನಕ್ಕಳು. ಯಾರನ್ನು ಹಿಡಿಯುವ ಪಂಚನಾಮೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೂ.

ಸ್ಥಳ: ಗ್ಯಾರೇಜಿನ ಹಿಂದಿನ ಗೋಡೆಯಲ್ಲಿ ನೀರು ಕಾಯಿಸುವ ಬಾಯ್ಲರಿನ ಸಣ್ಣ ಕಪಾಟು. ಈ ಊರಿನ ಚಳಿಯಲ್ಲಿ ಮನೆಯೊಳಗೆಲ್ಲ ಬೆಚ್ಚಗಿರುವ ಜಾಗ ಅದೊಂದೇ. ಹೂಜಿಯ ಪಕ್ಕ ಇರುವ ವಸ್ತುಗಳು: ಅವ್ವ ಹೆಪ್ಪು ಹಾಕಿದ ಮೊಸರಿನ ಗಡಿಗೆ ಒಂದು, ದೋಸೆ ಹಿಟ್ಟಿನ ಡಬ್ಬಿ ಒಂದು. ಇಷ್ಟು ತಿಂಗಳು ಇವೆರಡನ್ನೂ ದಿನಾ ನೋಡಿದ್ದೇನೆ, ಅಜ್ಜಾ. ನೋಡಿಯೂ ಕಂಡಿರಲಿಲ್ಲ.

ಕಳೆದ ಮಂಗಳವಾರ ರಜೆ ಹಾಕಿ, ಕಪಾಟಿಗೆ ಎದುರು ಅಪ್ಪನ ಹಳೆಯ ಕುರ್ಚಿಯ ಹಿಂದೆ ಕೂತೆ. ಹನ್ನೊಂದು ಗಂಟೆಗೆ ಅವ್ವ ಬಂದಳು. ಮೊಸರಿನ ಗಡಿಗೆಯ ಬಟ್ಟೆ ಬಿಚ್ಚಿ, ಬೆರಳಿನಿಂದ ಹದ ನೋಡಿದಳು. ನಂತರ ನನ್ನ ಹೂಜಿಯ ಕಡೆ ತಿರುಗಿದಳು. ಹೊಸ ಬಿಯರು ಉಕ್ಕಿ, ಬಾಯಿಯ ಬಿರಡೆಯ ಸುತ್ತ ನೊರೆ ಇಳಿದಿತ್ತು. ಅವ್ವ ಬಿರಡೆ ಕಿತ್ತು, ಮೊಸರಿನ ಅದೇ ಬಟ್ಟೆಯಿಂದ ಹೂಜಿಯ ಬಾಯಿಯನ್ನು ಒಳಗೂ ಹೊರಗೂ ಒರೆಸಿ, ಬಿರಡೆಯನ್ನು ಒತ್ತಿ ಕೂರಿಸಿದಳು. ಆಮೇಲೆ ಹೂಜಿಯ ಹೊಟ್ಟೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತಳು.

“ಅವ್ವಾ!” ಎಂದೆ. ಬೆಚ್ಚಿ ಬಿದ್ದಳು.

“ಸುಡ್ಲಿ ನಿನ್ನ! ಕಳ್ಳರ ಗತೆ ಕುಂತೀಯಲ್ಲೋ!”

“ಏನ್ ಮಾಡಾಕತ್ತಿದ್ದಿ?”

“ಏನಿಲ್ಲಪಾ. ಹಾಲ ಉಕ್ಕಿದಂಗ ಉಕ್ಕತೈತಿ ಅದು. ನೀ ನೋಡಿದ್ರ ಅಂಗಡ್ಯಾಗ. ಹಂಗ ಬಿಡ್ಲೇನ?”

“ದಿನಾ ಒರಸ್ತೀಯಾ?”

“ಮತ್ತ? ನೊಣ ಕುಂದ್ರತಾವು.”

ನಾಲ್ಕು ತಿಂಗಳಿನಿಂದ ಆ ವಾಸನೆ ತನಗೆ ಆಗುವುದಿಲ್ಲ ಎಂದು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದವಳು ಇವಳು. ಅವಳಿಗೆ ಕಡ್ಡಿಯಂಥ ಜೀವಿಗಳ ಕಥೆ ಹೇಳಿದೆ. ಮೊಸರು ಮಾಡುವುದೂ ಅವೇ, ಬಟ್ಟೆಯಿಂದ ಹೂಜಿಗೆ ದಾಟಿದ್ದೂ ಅವೇ ಎಂದೆ. ಅವ್ವ ಆ ಬಟ್ಟೆಯನ್ನು ಎತ್ತಿ ಮೂಸಿ ನೋಡಿದಳು. “ನನ್ನ ಹೆಪ್ಪು ಅಷ್ಟು ಗಟ್ಟಿ ಐತೇನೋ?” ಎಂದಳು. ಅವಳ ದನಿಯಲ್ಲಿ ಸ್ವಲ್ಪ ಜಂಬ ಇತ್ತು, ಇದ್ದದ್ದನ್ನೇ ಬರೆಯುತ್ತಿದ್ದೇನೆ.

ಮೊಸರು, ಹಿಟ್ಟು ಈಗ ಅಡುಗೆಮನೆಯ ಓವನ್ನಿಗೆ ಹೋಗಿವೆ, ಅದರ ದೀಪ ಹಚ್ಚಿಟ್ಟರೆ ಒಳಗೆ ಬೆಚ್ಚಗಾಗುತ್ತದೆ. ಹೊಸ ಹೂಜಿ ಹಾಕಿದ್ದೇನೆ. ಹತ್ತು ಸಾವಿರ ಮೈಲಿಯಾಚೆ ಕೂತು ಇದನ್ನು ಹೇಗೆ ಹಿಡಿದಿರಿ, ಅಜ್ಜಾ?

ನಿಮ್ಮ
ಮಲ್ಲಪ್ಪ

*

ಬಾಗಲಕೋಟೆ
3 ಮಾರ್ಚ್ 1987

ಚಿ. ಮಲ್ಲಪ್ಪನಿಗೆ ಆಶೀರ್ವಾದ.

ಹೇಗೆ ಹಿಡಿದೆ ಎಂದು ಕೇಳಿದ್ದೀ. ನಾನಾಗಿ ಕಲಿತದ್ದಲ್ಲ. ಬಂಗಾರೆವ್ವ ಎಂಬ ಹೆಂಗಸಿನಿಂದ ಕಲಿತದ್ದು. ಈ ಮಾತನ್ನು ನಿನ್ನ ಅಜ್ಜಿ ಇದ್ದಾಗ ಅವಳಿಗೂ ಹೇಳಿರಲಿಲ್ಲ.

1956ನೆಯ ಇಸವಿ, ಪಾನನಿರೋಧದ ಕಾಲ. ಕೃಷ್ಣಾ ಹೊಳೆಯ ದಂಡೆಯ ಒಂದು ಊರು. ಕಳ್ಳಭಟ್ಟಿ ಎಂದರೆ ಸಾಮಾನ್ಯವಾಗಿ ಹೊಲಸು. ಬೆಲ್ಲ, ಜಾಲಿ ತೊಗಟೆ, ಅದರ ಮೇಲೆ ನವಸಾಗರ, ಕೆಲವರು ಬ್ಯಾಟರಿಯ ಮಸಿಯನ್ನೂ ಹಾಕುತ್ತಿದ್ದರು. ಕುಡಿದು ಕಣ್ಣು ಕಳೆದುಕೊಂಡವರನ್ನು ಕಂಡಿದ್ದೇನೆ. ಹೆಂಡತಿಯ ತಾಳಿ ಮಾರಿ ಕುಡಿದವನ ಮನೆಯಲ್ಲಿ ಮಕ್ಕಳು ಹಸಿ ಹುಣಸೆ ತಿನ್ನುವುದನ್ನೂ ಕಂಡಿದ್ದೇನೆ. ಆದ್ದರಿಂದ ನನ್ನ ಕೆಲಸದ ಬಗ್ಗೆ ನನಗೆ ಆಗ ಸಂಶಯವಿರಲಿಲ್ಲ. ಈಗಲೂ ಇಲ್ಲ. ನೀನು ಗ್ಲಾಸು ಎತ್ತುವಾಗ ಇದನ್ನು ಮರೆಯಬಾರದು.

ನಾವು ದಾಳಿ ಮಾಡಿದ ಬಂಗಾರೆವ್ವನ ಗುಡಿಸಲು ಬೇರೆ ತರಹ ಇತ್ತು. ಎಮ್ಮೆ, ಹಾಲು, ಮಜ್ಜಿಗೆ ಎಲ್ಲವೂ ಬೀದಿಯ ಆಚೆ ಬದಿಗೆ. ಹಾಲು ಕರೆಯುವ ಸೊಸೆಗೆ ಬೆಲ್ಲದ ನೀರು ಹುದುಗುವ ಮಡಕೆಗಳಿದ್ದ ಕಡೆ ಪ್ರವೇಶವಿರಲಿಲ್ಲ. ಯಾಕೆಂದು ಕೇಳಿದೆ. “ಮಜ್ಜಿಗಿ ಕೈ ಸೋಂಕಿದ್ರ ಮುನಿಸ್ಕೊಂಡು ಹುಳಿ ಆಕ್ಕಾವ್ರಿ” ಎಂದಳು. ಮಾತಿಗೆ ಹೇಳಿದಳೆಂದುಕೊಂಡೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಿನ್ನಪ್ಪ ಯಂತ್ರದಲ್ಲಿ ತೋರಿಸಿದ್ದನ್ನು ಅವಳು ಬರಿಗಣ್ಣಿನಲ್ಲಿ ಕಂಡುಕೊಂಡಿದ್ದಳು.

ನಮ್ಮ ಪೇದೆ ಮಡಕೆ ಒಡೆಯಲು ಕೋಲು ಎತ್ತಿದ. ಅವಳು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. “ಸಾಹೇಬ್ರ, ಒಡೀರಿ. ಅದು ನಿಮ್ಮ ಕೆಲಸ. ಒಮ್ಮೆ ಕಿವಿಗೊಟ್ಟು ಕೇಳಿ ಒಡೀರಿ” ಎಂದಳು. ಪೇದೆ ನಕ್ಕ. ನನಗೆ ಯಾಕೋ ನಗು ಬರಲಿಲ್ಲ. ಮೊಣಕಾಲೂರಿ ಮಡಕೆಗೆ ಕಿವಿ ಇಟ್ಟೆ. ಬಿಸಿ ಬಾಣಲೆಯಲ್ಲಿ ಎಳ್ಳು ಸಿಡಿಯುವಂತಹ ಸಣ್ಣ ಸದ್ದು, ಸಾವಿರ ಸಲ, ನಿಲ್ಲದೆ. ಒಳಗೆ ಒಂದು ಊರೇ ಇದೆ ಎನ್ನಿಸಿತು. ಎಷ್ಟು ಹೊತ್ತು ಹಾಗೆ ಇದ್ದೆನೋ, ಪೇದೆ ಕೆಮ್ಮಿದ. ಎದ್ದೆ. ಒಡೆಸಿದೆ.

ಅವಳಿಗೆ ಮೂರು ತಿಂಗಳ ಸಜೆ ಆಯಿತು. ವರದಿಯಲ್ಲಿ ಮಡಕೆ ಎಷ್ಟು, ಗ್ಯಾಲನ್ ಎಷ್ಟು ಎಂದು ಬರೆದೆ. ಕಿವಿಯಲ್ಲಿ ಕೇಳಿದ್ದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ನಿನ್ನ ಮೊದಲ ಪತ್ರದಲ್ಲಿ, ಹೂಜಿಯ ಮುಂದೆ ಕೂತುಬಿಟ್ಟೆ ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ನಾನು ಮೂರು ಉತ್ತರ ಹರಿದದ್ದು.

ಬರುವುದನ್ನು ಇನ್ನೂ ತೀರ್ಮಾನಿಸಿಲ್ಲ.

ಸಿದ್ರಾಮಪ್ಪ

*

ಫಾಸ್ಟರ್ ಸಿಟಿ
19 ಏಪ್ರಿಲ್ 1987

ಪೂಜ್ಯ ಅಜ್ಜನವರಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹೊಸ ಹೂಜಿ ಹುಳಿಯಾಗಲಿಲ್ಲ. ವಾಲ್ಟ್ ಮೂಗಿನ ಹತ್ತಿರ ಹಿಡಿದು, ಕುಡಿದು, “ಯಾರು ಸರಿಮಾಡಿದ್ದು?” ಎಂದು ಕೇಳಿದ. “ನಮ್ಮಜ್ಜ, ಮದ್ಯ ಹಿಡಿಯುವ ಪೊಲೀಸು” ಎಂದೆ. ಅವನು ಟೋಪಿ ತೆಗೆದ.

ಆಮೇಲೆ ನನಗೆ ಹೊಸ ಹುಚ್ಚು ಹಿಡಿಯಿತು. ಬಾಟಲಿಗಳಲ್ಲಿ ತುಂಬುವ ಬದಲು ಹೋಟೆಲಿನಂತೆ ನಲ್ಲಿಯಿಂದಲೇ ಬರಿಸಬೇಕೆಂದು. ವಾಲ್ಟ್ ಮೂವತ್ತು ವರ್ಷ ಸೋಡಾ ಯಂತ್ರ ರಿಪೇರಿ ಮಾಡಿದವನು. ಸೋಡಾ ಕಂಪನಿಗಳು ಬೇಡವೆಂದ ಉಕ್ಕಿನ ಉದ್ದ ಡಬ್ಬಿ ಒಂದನ್ನು ಕೊಟ್ಟ. ನೆರೆಯವರು ಎಸೆಯಲಿದ್ದ ಹಳೆಯ ಫ್ರಿಜ್ಜು ತಂದೆ. ಡಬ್ಬಿಯಲ್ಲಿ ಬಿಯರ್ ತುಂಬಿ ಫ್ರಿಜ್ಜಿನಲ್ಲಿ ಇಡುವುದು, ಪಕ್ಕದಲ್ಲಿ ಸೋಡಾಕ್ಕೆ ತುಂಬುವ ಗ್ಯಾಸಿನ ಸಿಲಿಂಡರು, ಗ್ಯಾಸು ಒತ್ತಿದರೆ ಬಿಯರು ರಬ್ಬರ್ ಕೊಳವೆಯಲ್ಲಿ ಹಾದು, ಬಾಗಿಲಿಗೆ ಕೊರೆದ ತೂತಿನ ನಲ್ಲಿಯಿಂದ ಬರುವುದು. ಹೇಳಲು ಇಷ್ಟೇ.

ಮೊದಲ ಡಬ್ಬಿಯ ಬಿಯರಿಗೆ ಯಾವುದೋ ಮಿಠಾಯಿ ಸೋಡಾದ ವಾಸನೆ ಬಂತು. ಉಕ್ಕು ವಾಸನೆ ಹಿಡಿಯುವುದಿಲ್ಲ, ಮುಚ್ಚಳದ ರಬ್ಬರ್ ಉಂಗುರ ಹಿಡಿಯುತ್ತದೆ. ಉಂಗುರ ಬದಲಿಸಿದೆ. ಎರಡನೆಯ ಸಲ ನಲ್ಲಿ ಎಳೆದರೆ ಬರೀ ನೊರೆ. ಗ್ಲಾಸು, ಕೈ, ಷರಟು, ಗ್ಯಾರೇಜಿನ ನೆಲ ಎಲ್ಲಾ ನೊರೆ. ಅವ್ವ ಬಾಗಿಲಲ್ಲಿ ನಿಂತು, “ಅರಿಬಿ ಒಗಿಯಾಕ ಚೊಲೋ ಆತು” ಎಂದಳು. ನಾನು ಗ್ಯಾಸಿನ ಒತ್ತಡವನ್ನು ಒಂದು ವಾರ ಏರಿಸಿದೆ, ಇಳಿಸಿದೆ. ತಪ್ಪಿದ್ದದ್ದು ಕೊಳವೆಯಲ್ಲಿ. ನಾನು ಹಾಕಿದ್ದು ಎರಡು ಅಡಿ. ಅಷ್ಟು ಸಣ್ಣ ದಾರಿಯಲ್ಲಿ ಬಿಯರು ಸಿಟ್ಟಿನಿಂದ ನುಗ್ಗಿ ಬರುತ್ತದೆ. ಹತ್ತು ಅಡಿ ಕೊಳವೆಯನ್ನು ಸುರುಳಿ ಸುತ್ತಿ ಇಟ್ಟರೆ ದಾರಿಯಲ್ಲೇ ದಣಿದು, ಸಮಾಧಾನವಾಗಿ ಇಳಿಯುತ್ತದೆ.

ಹೋದ ಭಾನುವಾರ ಮಧ್ಯಾಹ್ನ ಹತ್ತು ಅಡಿ ಹಾಕಿ ಎಳೆದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು, ಆಚೆ ಲಗೂನು ಎಂಬ ಹಿನ್ನೀರಿನ ಮೇಲೆ ಬಿಸಿಲು. ಬಿಯರು ಸದ್ದಿಲ್ಲದೆ ಗ್ಲಾಸಿನ ಗೋಡೆಗುಂಟ ಇಳಿಯಿತು. ಜೇನಿನ ಬಣ್ಣ. ಮೇಲೆ ಎರಡು ಬೆರಳು ಬಿಳಿ ನೊರೆ. ಕೆಳಗಿನಿಂದ ಗುಳ್ಳೆಗಳು ಒಂದರ ಹಿಂದೊಂದು ದಾರ ಹಿಡಿದಂತೆ ನೇರ ಏಳುತ್ತಿದ್ದವು, ಎಲ್ಲಿಂದ ಹುಟ್ಟುತ್ತವೆ ಎಂದು ಎಷ್ಟು ನೋಡಿದರೂ ಕಾಣದು. ನಾನು ಕುಡಿಯಲಿಲ್ಲ ಅಜ್ಜಾ. ನೊರೆ ಪೂರ್ತಿ ಇಳಿಯುವ ತನಕ ಹಿಡಿದುಕೊಂಡೇ ನಿಂತಿದ್ದೆ. ಕಾಲೇಜಿನಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ನನಗೆ ಒಂದು ಸಲವೂ ಹೀಗೆ ಆಗಲಿಲ್ಲ.

ಈಗ ಜಗಳದ ವಿಷಯ. ಅಪ್ಪ ಹೂವಿನ ಚಿತ್ರದ ದೊಡ್ಡ ಚಾದರ ತಂದು ಫ್ರಿಜ್ಜಿನ ಮೇಲೆ ಹೊದಿಸಿದ್ದಾರೆ. “ನಿಮ್ಮಜ್ಜ ಬಂದ್ರ, ಮಂದಿ ಬಂದ್ರ, ಸೋಡಾ ಮಷೀನು ಅಂತ ಹೇಳೂದು” ಎಂದರು. ನಿಮಗೆ ಗೊತ್ತು ಎಂದರೂ ನಂಬುವುದಿಲ್ಲ. “ಗೊತ್ತಾದಮ್ಯಾಲ ಅವ್ರು ಯಾಕ ಬರ್ತಾರ?” ಎನ್ನುತ್ತಾರೆ. ಅಪ್ಪನ ಬಗ್ಗೆ ಇನ್ನೊಂದು ಮಾತಿದೆ. ಅದು ಅವರು ಹೇಳಬೇಕಾದ ಮಾತು, ನಾನು ಬರೆಯುವುದು ತಪ್ಪು.

ಚಾದರ ಕಿತ್ತು ಹಾಕಲೋ? ನೀವು ಬರುತ್ತೀರೋ?

ನಿಮ್ಮ
ಮಲ್ಲಪ್ಪ

*

ಬಾಗಲಕೋಟೆ
11 ಮೇ 1987

ಚಿ. ಮಲ್ಲಪ್ಪನಿಗೆ ಆಶೀರ್ವಾದ.

ಜುಲೈ 9ಕ್ಕೆ ಟಿಕೆಟ್ಟು ಆಗಿದೆ. ಶರಣವ್ವನಿಗೆ ಹೇಳು.

ಮನೆ ನಿನ್ನಪ್ಪನದು. ಅವರು ಮುಚ್ಚು ಎಂದರೆ ಮುಚ್ಚು. ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡ. ಈ ಎರಡರ ನಡುವೆ ಎಷ್ಟು ಜಾಗವಿದೆಯೋ ಅಷ್ಟರಲ್ಲಿ ನಿಂತುಕೋ.

ನೀನು ಬರೆಯದೆ ಬಿಟ್ಟ ಮಾತು ನನಗೆ ನಿನ್ನ ಅವ್ವನ ಮದುವೆಯಾದ ವರ್ಷದಿಂದ ಗೊತ್ತು. ಇಪ್ಪತ್ತೊಂಬತ್ತು ವರ್ಷ ಮೂಗಿನಿಂದಲೇ ಅನ್ನ ತಿಂದವನು ನಾನು. ಪಾರ್ಟಿಯಿಂದ ಬಂದವರು ಏಲಕ್ಕಿ ಅಗಿದ ಮಾತ್ರಕ್ಕೆ ಮುಚ್ಚಿ ಹೋಗುವ ವಾಸನೆಯಲ್ಲ ಅದು. ಅಳಿಯಂದಿರು ಗೌರವಕ್ಕಾಗಿ ಮುಚ್ಚಿಟ್ಟರು, ನಾನು ಗೌರವಕ್ಕಾಗಿ ಕಂಡರೂ ಕಾಣದಂತೆ ಇದ್ದೆ. ಹೀಗೆ ಇಪ್ಪತ್ನಾಲ್ಕು ವರ್ಷ ನಾವಿಬ್ಬರೂ ಒಬ್ಬರೆದುರು ಒಬ್ಬರು ಹವಾಮಾನದ ಮಾತನ್ನೇ ಆಡಿದ್ದೇವೆ.

ಸಿದ್ರಾಮಪ್ಪ

*

ಫಾಸ್ಟರ್ ಸಿಟಿ
20 ಸೆಪ್ಟೆಂಬರ್ 1987

ಪೂಜ್ಯ ಅಜ್ಜನವರಿಗೆ,

ಸುಖವಾಗಿ ಮುಟ್ಟಿದ ತಂತಿ ಬಂತು. ನಿಮ್ಮ ಕೋಣೆಯ ಪರದೆ ಅವ್ವ ಇನ್ನೂ ತೆಗೆದಿಲ್ಲ.

ಆಗಸ್ಟ್ 16ರ ಭಾನುವಾರದ್ದನ್ನು ನಿಮಗೇ ಬರೆಯುವುದು ವಿಚಿತ್ರ, ನೀವೇ ಅಲ್ಲಿದ್ದಿರಿ. ಆದರೆ ಅದರಲ್ಲಿ ಒಂದು ಭಾಗ ನಿಮಗೆ ಕಾಣಲಿಲ್ಲ. ಅದು ಕಂಡದ್ದು ನನಗೊಬ್ಬನಿಗೇ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ, ನೀವು ಕಲಿಸಿದ ಹಾಗೆ, ಕಣ್ಣಾರೆ ಕಂಡದ್ದಷ್ಟೇ.

ನಿಮ್ಮನ್ನು ಕಾಣಲೆಂದು ಅವ್ವ ಊಟಕ್ಕೆ ಕರೆದಿದ್ದ ಆರು ಮನೆಯವರೂ ಊಟ ಮುಗಿಸಿ ಗ್ಯಾರೇಜಿನ ನೆರಳಿಗೆ ಕುರ್ಚಿ ಹಾಕಿಕೊಂಡಿದ್ದರು. ವಾಲ್ನಟ್ ಕ್ರೀಕ್ ಊರಿನ ರಘೋತ್ತಮ ಅಂಕಲ್ ಚಾದರ ನೋಡಿ ಶುರುಮಾಡಿದರು.

“ಏನ್ ಸೋಮಲಿಂಗಪ್ಪನೋರೇ, ಫ್ರಿಜ್ಜಿಗೆ ಸೀರೆ ಉಡಿಸಿಬಿಟ್ಟಿದೀರಾ?”

“ಸೋಡಾ ಮಷೀನು. ಹುಡುಗ ಮಾಡಿದ್ದು” ಎಂದರು ಅಪ್ಪ.

“ಓಹೋ! ಹಾಗಾದ್ರೆ ಒಂದೊಂದು ಗ್ಲಾಸ್ ಸೋಡಾ ಆಗ್ಲಿ ಕಣಯ್ಯಾ ಮಲ್ಲೂ, ಊಟ ಹೆವಿ ಆಗಿದೆ. ನಿಜವಾಗ್ಲೂ ಸೋಡಾನೇ ತಾನೇ?”

ಅವರ ಹೆಂಡತಿ ಊರ್ಮಿಳಾ ಆಂಟಿ, “ಸುಮ್ನಿರ್ರೀ” ಎಂದರು. ನಾನು ನಿಮ್ಮ ಮುಖ ನೋಡಿದೆ. ನೀವು ಬೇಕೆಂದೇ ನೀರಿನ ಕಡೆ ನೋಡುತ್ತಿದ್ದಿರಿ. ಅಂಕಲ್ ನೇರವಾಗಿ ಕೇಳಿಬಿಟ್ಟಿದ್ದರು.

“ಅದು ಬಿಯರ್, ಅಂಕಲ್” ಎಂದೆ.

ಅಪ್ಪನ ಕಿವಿ ಕೆಂಪಾಯಿತು. ಅವ್ವ ಕೈಯಲ್ಲಿದ್ದ ಮಜ್ಜಿಗೆಯ ತಂಬಿಗೆಯನ್ನು ನೆಲಕ್ಕಿಟ್ಟಳು. ಆಗ ನೀವು ಎದ್ದಿರಿ. ಅವಸರವಿಲ್ಲದೆ ಹೋಗಿ ಚಾದರ ತೆಗೆದು, ನಾಲ್ಕು ಮಡಿಕೆ ಮಾಡಿ ಅವ್ವನ ಕೈಗೆ ಕೊಟ್ಟಿರಿ. ನೀವು ಬಂದ ಮೇಲೆ ಐದು ವಾರ ಗ್ಯಾರೇಜಿನಲ್ಲಿ ದಿನಾ ನನ್ನ ಜೊತೆ ಕೂತಿದ್ದಿರಿ, ಆದರೆ ಒಮ್ಮೆಯೂ ಆ ನಲ್ಲಿಯನ್ನು ಮುಟ್ಟಿರಲಿಲ್ಲ. ಈಗ ಗ್ಲಾಸು ಹಿಡಿದು ಮುಟ್ಟಿದಿರಿ. ಹೆದರಿ ಅರ್ಧ ಎಳೆದಿರಿ, ಬಂದದ್ದು ಬರೀ ನೊರೆ.

“ಪೂರ್ತಿ ಎಳೀರಿ, ಅಜ್ಜಾ” ಎಂದೆ.

ಎರಡನೆಯ ಗ್ಲಾಸು ಸರಿಯಾಗಿ ಬಂತು. ಎಲ್ಲರೂ ನೀವು ಕುಡಿಯುತ್ತೀರೇನೋ ಎಂದು ನೋಡುತ್ತಿದ್ದರು. ವಿಭೂತಿ ಹಚ್ಚಿದ ಹಣೆ, ಕೈಯಲ್ಲಿ ಬಿಯರು. ನೀವು ಅದನ್ನು ಒಯ್ದು ಅಪ್ಪನ ಮುಂದೆ ಹಿಡಿದಿರಿ.

“ಸೋಮಲಿಂಗಪ್ಪನವರ, ತಗೋರಿ. ನನಗ ಒಡಿಯಾಕಷ್ಟ ಗೊತ್ತು. ರುಚಿ ನಿಮಗ ಗೊತ್ತೈತಿ. ಹುಡುಗ ಹದಕ್ಕ ತಂದಾನೋ ಇಲ್ಲೋ, ನೀವ ಹೇಳ್ರಿ.”

ರಘೋತ್ತಮ ಅಂಕಲ್ ಅವರ ನಗು ಕೂಡ ನಿಂತಿತ್ತು. ಮಾವ ತನ್ನ ಕೈಯಾರೆ ಅಳಿಯನಿಗೆ ಇದನ್ನು ಕೊಡುವುದನ್ನು ಅಲ್ಲಿದ್ದ ಯಾರೂ ಜನ್ಮದಲ್ಲಿ ಕಂಡಿರಲಿಲ್ಲ. ಅಪ್ಪ ಎರಡೂ ಕೈಯಿಂದ ತೆಗೆದುಕೊಂಡರು, ಪ್ರಸಾದ ತೆಗೆದುಕೊಳ್ಳುವ ಹಾಗೆ. ನಿಮ್ಮೆದುರು ಕುಡಿಯಲು ಆಗಲಿಲ್ಲ. ಕುಡಿಯದಿರಲೂ ಆಗಲಿಲ್ಲ. ಬೆನ್ನು ತಿರುಗಿಸಿದರು. ಹಾಗೆ ತಿರುಗಿದ್ದು ನಾನಿದ್ದ ಕಡೆಗೆ.

ನಿಮಗೆ ಕಾಣದಿದ್ದದ್ದು ಇದು, ಅಜ್ಜಾ. ಅಪ್ಪ ಮೊದಲು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದರು. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಬಾಯಲ್ಲೇ ಇಟ್ಟುಕೊಂಡರು. ಕಣ್ಣಿನ ಅಂಚಿನಿಂದ ನೀರು ಇಳಿದು ಮೀಸೆಗೆ ಸೇರಿತು, ಅದನ್ನು ಒರೆಸಿಕೊಳ್ಳಲಿಲ್ಲ. ಕಣ್ಣು ತೆರೆದಾಗ ಅವರು ನನ್ನನ್ನು ನೋಡಿದ ರೀತಿಯಲ್ಲಿ ಅಪ್ಪಂದಿರು ಮಕ್ಕಳನ್ನು ನೋಡುವುದಿಲ್ಲ. ಅವರ ಆಫೀಸಿನಲ್ಲಿ ತೊಟ್ಟಿಯ ಪಕ್ಕ ನಿಂತ ಇನ್ನೊಬ್ಬ ಎಂಜಿನಿಯರನ್ನು ಹಾಗೆ ನೋಡುತ್ತಾರೇನೋ.

ನಿಮಗೆ ಕೇಳುವಂತೆ “ಚೊಲೋ ಮಾಡ್ಯಾನ್ರೀ” ಎಂದರು, ಅದನ್ನು ಎಲ್ಲರೂ ಕೇಳಿದ್ದಾರೆ. ಅದಕ್ಕೆ ಮೊದಲು, ತುಟಿ ಅಲ್ಲಾಡಿದ್ದೇ ತಿಳಿಯದಷ್ಟು ಸಣ್ಣ ದನಿಯಲ್ಲಿ ನನಗೊಬ್ಬನಿಗೆ ಬೇರೆ ಹೇಳಿದರು.

“ಇನ್ನೊಂದು ವಾರ ಬಿಡಬೇಕಿತ್ತು.”

ನಿಜ, ಅಜ್ಜಾ. ನೀವಿದ್ದಾಗಲೇ ಆಗಲೆಂದು ಅವಸರ ಮಾಡಿದ್ದೆ.

ನಿಮ್ಮ
ಮಲ್ಲಪ್ಪ